ಬಂದ ಬಾಗಿಲು, ಉಳಿದ ಅವಧಿ

ಸಂತೇಬೆನ್ನೂರಿನ ಪುಷ್ಕರಣಿಯನ್ನು ನೋಡಲು ಬರುವವರು ನೀರಿನ ನಡುವಣ ವಸಂತಮಂಟಪಕ್ಕೆ ಮನಸೋತು ಅಷ್ಟಕ್ಕೇ ತೃಪ್ತರಾಗಿ ಮರಳುವುದು ವಾಡಿಕೆ. ಪಾಳೆಯಗಾರ ಹನುಮಪ್ಪನಾಯಕನ ಹೆಸರಿನೊಡನೆ ಜನರು ಸ್ಮರಿಸುವ ಆ ಕೊಳದ ಸನ್ನಿಧಿಯಲ್ಲಿಯೇ ಬಿಜಾಪುರದವರ ಆಳ್ವಿಕೆಯ ಕಾಲದ ಮುಸಾಫಿರಖಾನೆಯೊಂದು ನಿಂತಿದೆಯೆಂಬುದರತ್ತ ಲಕ್ಷ್ಯವಿಡುವವರು ವಿರಳ. ಪಥಿಕನಿಗೆ ನೆರಳನ್ನೊದಗಿಸುವುದು ಆಳುವವನ ಧರ್ಮಗಳಲ್ಲೊಂದೆಂದು ಎಣಿಸಿದ್ದ ಕಾಲದ ಕಟ್ಟಡ ಅದು. ಹಾಗೆ ತಂಗಲು ಬಂದವನು ಹೊರಡುವ ಮಾತೆತ್ತದೆ, ಆ ಸೀಮೆಯ ಹೆಣ್ಣನ್ನೇ ಕೈಹಿಡಿದು ನಿಂತುಬಿಟ್ಟರೆ ಅವನನ್ನು ಅತಿಥಿಯೆನ್ನಬೇಕೋ ಒಕ್ಕಲೆನ್ನಬೇಕೋ ಎಂಬ ಪ್ರಶ್ನೆಯನ್ನು ಹಿಂದಿನವರು ಊರಿನ ಹಿರಿಯರ ವಿವೇಕಕ್ಕೆ ಬಿಟ್ಟಿದ್ದಿರಬೇಕು. ನಮ್ಮ ಕಾಲವಾದರೋ ಅದನ್ನು ಕಾನೂನಿನ ಕಲಮುಗಳಿಗೆ ಒಪ್ಪಿಸಿದೆ.

ಈಗ ಅದೇ ಪ್ರಶ್ನೆಯು ಅಡಿಕೆ ತೋಟದ ಮನೆಗಳ ಜಗುಲಿಯ ಮೇಲೆ ತಿರುವುಮುರುವಾಗಿ ಕೇಳಿಬರುತ್ತದೆ. ‘ಹೋಗಿದ್ದು ಆರು ತಿಂಗಳಿಗೆ, ಕೂತಿದ್ದು ನಾಲ್ಕು ವರ್ಷ, ಅಲ್ಲೇ ಲಗ್ನ ಆಯ್ತು, ಈಗ ಗ್ರೀನ್ ಕಾರ್ಡೂ ಬಂತಂತೆ, ಅದ್ಹೆಂಗೆ?’ ದಾವಣಗೆರೆಯಲ್ಲಿ 1951ರಷ್ಟು ಹಿಂದೆಯೇ ಇಂಜಿನಿಯರಿಂಗ್ ಕಾಲೇಜು ಪ್ರಾರಂಭವಾದುದರಿಂದಲೂ, 1979ರಲ್ಲಿ ಅದರ ಪಕ್ಕಕ್ಕೆ ಮತ್ತೊಂದು ಬಂದುದರಿಂದಲೂ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಮಕ್ಕಳಿಗೆ ಅಮೆರಿಕೆಯು ನಕಾಶೆಯ ಮೇಲಿನ ದೇಶವಾಗಿ ಮಾತ್ರ ಉಳಿದಿಲ್ಲ. ಆದುದರಿಂದ ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಅದಕ್ಕೆ ಜಗುಲಿಯೇ ಕೊಟ್ಟುಕೊಳ್ಳುವ ಉತ್ತರ ಮಾತ್ರ ಒಂದೇ: ಮದುವೆಯಾದರೆ ಎಲ್ಲವೂ ಮಾಫಿ. ಈ ಉತ್ತರ ಅರ್ಧಸತ್ಯ. ಅಮೆರಿಕೆಯ ಕಾನೂನು ವಿವಾಹದ ಪಾವಿತ್ರ್ಯಕ್ಕೆ ಕರಗಿ ಈ ಸೌಲಭ್ಯವನ್ನು ಕೊಟ್ಟುದಲ್ಲ. ಬಂದವನು ಯಾವ ಬಾಗಿಲಿನಿಂದ ಬಂದನೆಂಬುದನ್ನು ಮೊದಲು ನೋಡಿ, ಎಷ್ಟು ದಿನ ಉಳಿದನೆಂಬುದನ್ನು ಆಮೇಲೆ ನೋಡುವ ಒಂದು ಆಡಳಿತಪದ್ಧತಿಯು ಹಲವು ದಶಕಗಳಲ್ಲಿ, ಬಹುಮಟ್ಟಿಗೆ ಆಕಸ್ಮಿಕವಾಗಿ, ರೂಪುಗೊಂಡುದರ ಫಲ ಅದು.

ಮೊದಲಿಗೆ ಮದುವೆ ಕೊಡುತ್ತಿದ್ದುದಿರಲಿ, ಇದ್ದುದನ್ನೇ ಕಸಿದುಕೊಳ್ಳುತ್ತಿತ್ತು. 1907ರ ಕಾನೂನಿನಂತೆ ವಿದೇಶೀಯನನ್ನು ವರಿಸಿದ ಅಮೆರಿಕನ್ ಸ್ತ್ರೀಯು ಗಂಡನ ದೇಶಕ್ಕೆ ಸೇರಿದವಳಾಗುತ್ತಿದ್ದಳು. 1922ರಲ್ಲಿ ಕೇಬಲ್ ಕಾಯಿದೆಯು ಈ ಅನ್ಯಾಯವನ್ನು ತೊಡೆದರೂ, ಅಮೆರಿಕೆಯ ಪೌರತ್ವಕ್ಕೆ ಅನರ್ಹನಾದವನನ್ನು ಮದುವೆಯಾದವಳಿಗೆ ಆ ಕೃಪೆ ದೊರೆಯಲಿಲ್ಲ. ಮರುವರ್ಷವೇ, ಭಗತ್ ಸಿಂಗ್ ಥಿಂದ್ ಎಂಬಾತನ ಪ್ರಕರಣದಲ್ಲಿ, ಭಾರತೀಯರು ‘ಬಿಳಿಯರಲ್ಲ’ವಾದುದರಿಂದ ಪೌರತ್ವಕ್ಕೆ ಅನರ್ಹರೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಹೀಗಾಗಿ 1931ರಲ್ಲಿ ಕಾನೂನು ತಿದ್ದುವವರೆಗೂ ಭಾರತೀಯನ ಕೈಹಿಡಿದ ಅಮೆರಿಕನ್ನಳು ತನ್ನ ನೆಲದಲ್ಲಿಯೇ ಪರಕೀಯಳಾಗುತ್ತಿದ್ದಳು. ಕ್ರಾಂತಿಕಾರಿ ತಾರಕನಾಥ ದಾಸರ ಪತ್ನಿ ಮೇರಿ ದಾಸ್ ಅವರ ಪೌರತ್ವಕ್ಕೂ ಅದೇ ಗತಿಯಾಯಿತು. 1917ರಿಂದ ಭಾರತೀಯ ವಲಸೆಗೆ ಬಾಗಿಲೇ ಮುಚ್ಚಿತ್ತು. 1946ರ ಜುಲೈನಲ್ಲಿ ಅದು ತೆರೆದಾಗಲೂ ತೆರೆದದ್ದು ವರ್ಷಕ್ಕೆ 100 ಜನರ ಮಟ್ಟಿಗೆ. ಇಡೀ ಭಾರತಕ್ಕೆ ನೂರು! ಅಂದಿನ ಮೈಸೂರು ಸಂಸ್ಥಾನದ ಪಾಲಿಗೆ ಅದರಲ್ಲಿ ಎಷ್ಟು ಬಂದೀತೆಂದು ಓದುಗರೇ ಲೆಕ್ಕ ಹಾಕಿಕೊಳ್ಳಬಹುದು.

ಇತ್ತ, ಯುರೋಪಿನಿಂದ ಬಂದು ನೆಲಸಿದ್ದವರ ವಿಷಯದಲ್ಲಿ ಬೇರೊಂದು ತೊಡಕು ಹುಟ್ಟಿಕೊಂಡಿತ್ತು. 1924ರ ಕಾಯಿದೆಯ ಪ್ರಕಾರ ಖಾಯಂ ವಾಸದ ವೀಸಾ ಬೇಕಾದವನು ಅದನ್ನು ಹೊರದೇಶದಲ್ಲಿರುವ ಅಮೆರಿಕನ್ ರಾಯಭಾರ ಕಛೇರಿಯಲ್ಲಿಯೇ ಪಡೆದು ಬರಬೇಕು. ಅಮೆರಿಕೆಯೊಳಗೆ ಕುಳಿತು ಪಡೆಯುವಂತಿರಲಿಲ್ಲ. ಪ್ರವಾಸಿಯಾಗಿಯೋ ನಾವಿಕನಾಗಿಯೋ ಬಂದು, ಮದುವೆಯಾಗಿ, ಮಕ್ಕಳನ್ನು ಪಡೆದು, ದುಡಿದು ಬಾಳುತ್ತಿದ್ದ ಮನುಷ್ಯನು ಒಂದು ಮುದ್ರೆಗಾಗಿ ಸಮುದ್ರವನ್ನು ದಾಟಿ, ಅಲ್ಲಿ ಅಧಿಕಾರಿಯು ಒಲ್ಲೆನೆಂದರೆ ಹೆಂಡಿರುಮಕ್ಕಳಿಂದ ಅಗಲಿ ಅಲ್ಲಿಯೇ ಉಳಿಯಬೇಕಾದ ಸಂಕಟ. ಇದನ್ನು ತಪ್ಪಿಸಲು ವಲಸೆ ಇಲಾಖೆಯವರು 1935ರಲ್ಲಿ ಕೆನಡಾ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು, ‘ಪೂರ್ವಪರೀಕ್ಷೆ’ ಎಂಬ ವಿಚಿತ್ರವಾದ ಕ್ರಮವೊಂದನ್ನು ಆರಂಭಿಸಿದರು. ಅರ್ಜಿದಾರನನ್ನು ಅಮೆರಿಕೆಯಲ್ಲಿಯೇ ಪರೀಕ್ಷಿಸಿ, ಮರಳಿ ಸೇರಿಸಿಕೊಳ್ಳುವ ಭರವಸೆಯನ್ನು ಮುಂಗಡವಾಗಿಯೇ ಇತ್ತು, ಅವನನ್ನು ರೈಲು ಹತ್ತಿಸಿ ಗಡಿಯಾಚೆಯ ಮಾಂಟ್ರಿಯಲ್ಲಿನಂಥ ಊರಿಗೆ ಕಳುಹಿಸುವುದು. ಅಲ್ಲಿಯ ಅಮೆರಿಕನ್ ಕಛೇರಿ ವೀಸಾ ಒತ್ತುವುದು. ಅವನು ಅದೇ ದಾರಿಯಲ್ಲಿ ಹಿಂದಿರುಗಿ, ಈ ಸಲ ಖಾಯಂ ನಿವಾಸಿಯೆಂಬ ಬಿರುದಿನೊಡನೆ, ತಾನು ಬಿಟ್ಟುಬಂದ ಮನೆಗೇ ಹೊಸದಾಗಿ ಪ್ರವೇಶಿಸುವುದು. ಇಪ್ಪತ್ತೈದು ವರ್ಷಗಳಷ್ಟು ಕಾಲದಲ್ಲಿ 50,000ಕ್ಕೂ ಮಿಕ್ಕಿ ಪ್ರಕರಣಗಳು ಈ ಕ್ರಮದ ಮೂಲಕ ಹಾದುಹೋದುವು. ಇದರ ಪ್ರಯೋಜನ ಪಡೆದವರು ಬಹುತೇಕ ಯುರೋಪಿಯನರೇ ಎಂಬುದನ್ನು ಮರೆಯಲಾಗದು. ದಯೆಗೂ ಬಣ್ಣದ ವಿವೇಚನೆಯಿತ್ತು.

ಈ ಕೆನಡಾ ಯಾತ್ರೆಯ ವ್ಯರ್ಥತೆಯು ಕಡೆಗೆ ಶಾಸಕರಿಗೂ ಗೋಚರವಾಯಿತು. ಅಧ್ಯಕ್ಷ ಟ್ರೂಮನ್ನರು ತಡೆಯೊಡ್ಡಿದರೂ ಲೆಕ್ಕಿಸದೆ 1952ರ ಜೂನ್ 27ರಂದು ಕಾಂಗ್ರೆಸ್ಸು ಜಾರಿಗೆ ತಂದ ವಲಸೆ ಮತ್ತು ರಾಷ್ಟ್ರೀಯತಾ ಕಾಯಿದೆಯ 245ನೆಯ ಪ್ರಕರಣವು, ದೇಶದೊಳಗೆ ಇದ್ದುಕೊಂಡೇ ಖಾಯಂ ನಿವಾಸಿಯಾಗುವ ಮಾರ್ಗವನ್ನು ಕಾನೂನಿನಲ್ಲಿ ಬರೆದಿಟ್ಟಿತು. ಆದರೆ ಅಂದಿನ ನಿಯಮ ಬಿಗಿಯಾದುದು: ಅರ್ಜಿದಾರನು ಪ್ರವಾಸಿಯಾಗಿಯೋ ವಿದ್ಯಾರ್ಥಿಯಾಗಿಯೋ ಬಂದ ಸ್ಥಿತಿಯನ್ನು ಭಂಗವಿಲ್ಲದೆ ಕಾಪಾಡಿಕೊಂಡಿರಬೇಕು, ಅವಧಿ ಮೀರಿದವನಿಗೆ ಅವಕಾಶವಿಲ್ಲ. 1958 ಮತ್ತು 1960ರ ತಿದ್ದುಪಡಿಗಳು ಈ ಬಿಗಿಯನ್ನು ಸಡಿಲಿಸಿದುವು. ಅಧಿಕಾರಿಯ ತಪಾಸಣೆಗೆ ಒಳಪಟ್ಟು ಪ್ರವೇಶ ಪಡೆದವನು ಎಂಬುದೇ ಮುಖ್ಯ ಅರ್ಹತೆಯಾಗಿ, ಅವಧಿಯ ಪ್ರಶ್ನೆ ಹಿಂದೆ ಸರಿಯಿತು. ಇಂದು ವಿಸಿಟರ್ ವೀಸಾದಲ್ಲಿ ವಿಮಾನದಿಂದಿಳಿದು ಉಳಿದವನಿಗೂ, ಗಡಿಯ ಮರುಭೂಮಿಯನ್ನು ರಾತ್ರಿ ನುಸುಳಿ ಬಂದವನಿಗೂ ಇರುವ ಅಜಗಜಾಂತರಕ್ಕೆ ಇದೇ ಮೂಲ. ಇಬ್ಬರೂ ಅಮೆರಿಕನ್ ಪೌರಳನ್ನೇ ಮದುವೆಯಾಗಲಿ, ಮೊದಲನೆಯವನಿಗೆ ಸಾಮಾನ್ಯವಾಗಿ ದಾರಿಯುಂಟು, ಎರಡನೆಯವನಿಗೆ ಇಲ್ಲ.

1965ರ ಕಾಯಿದೆಯು ದೇಶವಾರು ಪಾಲಿನ ಹಳೆಯ ವ್ಯವಸ್ಥೆಯನ್ನು ಕಿತ್ತೊಗೆದು, ಪೌರರ ಪತಿ ಅಥವಾ ಪತ್ನಿ, ಅಪ್ರಾಪ್ತ ಮಕ್ಕಳು, ತಂದೆತಾಯಿಗಳು ಈ ಮೂವರನ್ನು ಸಂಖ್ಯಾಮಿತಿಯ ಹೊರಗಿರಿಸಿತು. ಕನ್ನಡ ಕುಟುಂಬಗಳು ಅಲ್ಲಿ ನೆಲೆಯೂರಿದುದು ಆಮೇಲೆ. ಮಕ್ಕಳನ್ನು ಕಾಣಲು ಹೋಗಿ ಬರುವ ತಂದೆತಾಯಿಗಳೆಂಬ ಹೊಸ ವರ್ಗವೊಂದು ಹುಟ್ಟಿದುದೂ ಆಗಲೇ. ಹಾಗೆ ಹೋಗಿ ಬಂದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಕನ್ನಡಕ್ಕೊಂದು ಪ್ರವಾಸಕಥನವನ್ನೇ ಕೊಟ್ಟರು. ಎಲ್ಲರೂ ಹಾಗೆ ಹಿಂದಿರುಗಲಿಲ್ಲ.

ಉಳಿದವರ ಭಾಗ್ಯವನ್ನು ನಿರ್ಣಯಿಸಿದುದು ಎರಡು ತಿದ್ದುಪಡಿಗಳು. ಅನುಮತಿಯಿಲ್ಲದೆ ಕೆಲಸ ಮಾಡಿದವರು ಒಳಗಿದ್ದುಕೊಂಡು ಅರ್ಜಿ ಹಾಕಕೂಡದೆಂದು 1976ರಲ್ಲಿಯೂ, ಅವಧಿ ಮೀರಿ ‘ಔಟ್ ಆಫ್ ಸ್ಟೇಟಸ್’ ಆದವರು ಹಾಕಕೂಡದೆಂದು 1986ರ ನವೆಂಬರ್ 6ರಂದೂ ಕಾಂಗ್ರೆಸ್ಸು ವಿಧಿಸಿತು. ಆದರೆ ಎರಡು ಸಲವೂ ಮೇಲೆ ಹೇಳಿದ ನಿಕಟ ಬಂಧುಗಳನ್ನು ಆ ನಿಷೇಧದಿಂದ ಹೊರಗಿಟ್ಟಿತು. ಜಗುಲಿಯಲ್ಲಿ ‘ಮಾಫಿ’ಯೆಂದು ಹೇಳುವುದು ಈ ಹೊರಗಿಟ್ಟ ಸಾಲನ್ನೇ. ಹೊಸದಾಗಿ ಒಂದು ಕ್ಷಮೆಯನ್ನು ದಯಪಾಲಿಸಿದುದಲ್ಲ, ಹೊಸದಾಗಿ ಹಾಕಿದ ಬೇಲಿಯನ್ನು ಅವರ ಮುಂದೆ ಹಾಕದೆ ಬಿಟ್ಟುದು ಅಷ್ಟೆ. ಇದರಲ್ಲೊಂದು ಸೂಕ್ಷ್ಮವುಂಟು, ನಮ್ಮವರು ಮೋಸಹೋಗುವುದು ಇಲ್ಲಿಯೇ: ಈ ವಿನಾಯಿತಿಯು ಪೌರನ ಪತ್ನಿಗೆ, ಗ್ರೀನ್ ಕಾರ್ಡುದಾರನ ಪತ್ನಿಗಲ್ಲ. ಗಂಡನಿಗೆ ಗ್ರೀನ್ ಕಾರ್ಡ್ ಬಂದಿದೆಯಲ್ಲವೆಂಬ ಧೈರ್ಯದಿಂದ ಅವಧಿ ಮೀರಿದವಳು, ಗಂಡನು ಪೌರನಾಗುವ ತನಕ ತೂಗುಯ್ಯಾಲೆಯಲ್ಲಿಯೇ ಇರಬೇಕಾಗುತ್ತದೆ.

ನಾಲ್ಕೇ ದಿನಗಳ ತರುವಾಯ, ಅದೇ ನವೆಂಬರ್ 10ರಂದು, ವಿವಾಹವಂಚನೆಯ ಕಾಯಿದೆ ಬಂದಿತು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ದೊರೆತ ಗ್ರೀನ್ ಕಾರ್ಡು ಎರಡು ವರ್ಷಗಳ ಮಟ್ಟಿಗೆ ಷರತ್ತಿನದು; ಅವಧಿ ತುಂಬುವ ಮುನ್ನಿನ ತೊಂಬತ್ತು ದಿನಗಳಲ್ಲಿ ಗಂಡಹೆಂಡಿರಿಬ್ಬರೂ ಸಹಿ ಹಾಕಿ ಷರತ್ತನ್ನು ತೆಗೆಸಿಕೊಳ್ಳಬೇಕು. ಸುಳ್ಳು ಮದುವೆಗೆ ಐದು ವರ್ಷದವರೆಗೆ ಸೆರೆ, 2,50,000 ಡಾಲರುಗಳವರೆಗೆ ದಂಡ, ಇವೆರಡಕ್ಕಿಂತ ಘೋರವಾಗಿ, ಮುಂದೆ ನಿಜವಾದ ಮದುವೆಯೇ ಆದರೂ ಯಾವ ಅರ್ಜಿಯೂ ಮಂಜೂರಾಗದ ಶಾಶ್ವತ ಬಹಿಷ್ಕಾರ.

ಕಾಗದಪತ್ರಗಳ ಪ್ರಪಂಚಕ್ಕೆ ಬಂದರೆ, ಪ್ರಕರಣ ನಿಲ್ಲುವುದೂ ಬೀಳುವುದೂ ಐ-94 ಎಂಬ ಪ್ರವೇಶಪತ್ರದ ಮೇಲೆ. ಪಾಸ್‌ಪೋರ್ಟಿನಲ್ಲಿ ಹತ್ತು ವರ್ಷದ ವೀಸಾ ಇರುವುದನ್ನು ಕಂಡು ಹತ್ತು ವರ್ಷ ಇರಬಹುದೆಂದು ಭ್ರಮಿಸುವವರುಂಟು. ವೀಸಾ ಬಾಗಿಲನ್ನು ತಟ್ಟುವ ಅನುಮತಿ ಮಾತ್ರ, ಇರುವ ಅವಧಿಯನ್ನು, ಅಂದರೆ ಸಾಮಾನ್ಯವಾಗಿ ಆರು ತಿಂಗಳನ್ನು, ಬರೆಯುವುದು ಈ ಪತ್ರ. ಮೊದಲು ಪಾಸ್‌ಪೋರ್ಟಿಗೆ ಪಿನ್ನು ಹೊಡೆದಿರುತ್ತಿದ್ದ ಬಿಳಿಯ ಚೀಟಿಯಾಗಿದ್ದು, 2013ರಿಂದ ವಿಮಾನಯಾತ್ರಿಗಳ ಮಟ್ಟಿಗೆ ಗಣಕಯಂತ್ರದ ದಾಖಲೆಯಾಗಿದೆ. ಅವಧಿ ಮೀರಿದವನಿಗೆ ಅದೇ ಅವನ ಅಪರಾಧದ ಸಾಕ್ಷಿಯೂ ಹೌದು, ಬಾಗಿಲಿನಿಂದಲೇ ಬಂದನೆಂಬ ಅವನ ಅರ್ಹತೆಯ ಸಾಕ್ಷಿಯೂ ಹೌದು. ಇನ್ನುಳಿದ ಕಾಗದಗಳು ಊರಿನಿಂದ ಹೋಗಬೇಕು. ಅಲ್ಲಿ ಮದುವೆಯಾದ ಮಗಳ ಅರ್ಜಿಯಾದರೆ ಚಿಂತೆಯಿಲ್ಲ, ಈಚಿನವಳಾದ ಅವಳ ಜನನವು ದಾಖಲೆಯಲ್ಲಿರುತ್ತದೆ. ಮಗನು ಪೌರನಾಗಿ, ಆರು ತಿಂಗಳಿಗೆಂದು ಹೋಗಿ ಉಳಿದ ತಾಯಿಗಾಗಿ ಅರ್ಜಿ ಹಾಕಿದನೆನ್ನಿ, ಆಕೆಯ ಜನನಪತ್ರ ಎಲ್ಲಿಯದು? 1969ರ ನೋಂದಣಿ ಕಾಯಿದೆಗೆ ಮುಂಚೆ ಹಳ್ಳಿಯ ಹೆರಿಗೆಗಳು ದಾಖಲೆಗೆ ಹತ್ತಿದುದೇ ಅಪರೂಪ. ಆಗ ಯಾರೋ ಒಬ್ಬ ತಮ್ಮನು ಚನ್ನಗಿರಿಯ ತಾಲ್ಲೂಕು ಕಛೇರಿಗೆ ಎಡತಾಕಿ, ‘ಜನನ ದಾಖಲೆ ಲಭ್ಯವಿಲ್ಲ’ವೆಂಬ ದೃಢೀಕರಣವನ್ನು ಹೊಂದಿ, ಆಕೆ ಹುಟ್ಟಿದುದನ್ನು ಬಲ್ಲ ಇಬ್ಬರು ಹಿರಿಯರಿಂದ ಛಾಪಾಕಾಗದದ ಮೇಲೆ ಪ್ರಮಾಣಪತ್ರ ಬರೆಯಿಸಿ, ಓದಿದವಳಾದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೂ ಲಗತ್ತಿಸಿ ಕಳುಹಿಸಬೇಕು. ಇಲ್ಲವೆಂಬುದಕ್ಕೂ ರುಜುವಾತು ಬೇಕೆನ್ನುವುದರಲ್ಲಿ ಎರಡು ದೇಶಗಳ ಗುಮಾಸ್ತರೂ ಒಂದೇ ಗುರುಕುಲದಲ್ಲಿ ಕಲಿತವರಂತೆ ಕಾಣುತ್ತಾರೆ.

ಮದುವೆಯಾಗುವ ಸಂಕಲ್ಪವನ್ನು ಮನಸ್ಸಿನಲ್ಲಿಟ್ಟುಕೊಂಡು, ನೋಡಿ ಬರುತ್ತೇನೆಂದು ವಿಮಾನನಿಲ್ದಾಣದ ಅಧಿಕಾರಿಗೆ ಹೇಳಿ ಒಳಹೊಕ್ಕವರ ವಿಷಯ ಬೇರೆ. ಅದು ಅವಧಿಯ ದೋಷವಲ್ಲ, ಅನೃತದ ದೋಷ, ಅದಕ್ಕೆ ವಿನಾಯಿತಿಯ ಸಾಲಿನಲ್ಲಿ ಎಡೆಯಿಲ್ಲ.

ಈ ಇತಿಹಾಸದ ಅತ್ಯಂತ ಕ್ರೂರವಾದ ಅಧ್ಯಾಯ 1996ರದು. ಆ ವರ್ಷದ ಕಾಯಿದೆಯಂತೆ, 180 ದಿನಗಳಿಗೆ ಮೀರಿ ಅಕ್ರಮವಾಗಿ ಉಳಿದು ಹೊರಟವನು ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಉಳಿದು ಹೊರಟವನು ಹತ್ತು ವರ್ಷ ಮರಳಿ ಬರುವಂತಿಲ್ಲ. ದಂಡನೆ ಜಾಗೃತವಾಗುವುದು ಉಳಿದುದರಿಂದಲ್ಲ, ಹೊರಟುದರಿಂದ ಎಂಬುದನ್ನು ಗಮನಿಸಬೇಕು. ಕಲ್ಪನೆಗಾಗಿ, ಸಂತೇಬೆನ್ನೂರಿನ ಯುವಕನೊಬ್ಬನು ಎರಡು ವರ್ಷ ಅವಧಿ ಮೀರಿ ಪೌರಳೊಬ್ಬಳನ್ನು ಮದುವೆಯಾದನೆನ್ನೋಣ. ಅವನು ಕದಲದೆ ಕುಳಿತು ಅರ್ಜಿ ಹಾಕಿದರೆ ಕಾನೂನು ಅವನನ್ನು ಸಹಿಸುತ್ತದೆ. ತಂದೆ ತೀರಿಕೊಂಡರೆಂಬ ಸುದ್ದಿ ಬಂದು, ಚಿತೆಗೆ ಬೆಂಕಿ ಕೊಡಬೇಕಾದ ಜ್ಯೇಷ್ಠಪುತ್ರನೆಂದು ಹೊರಟುನಿಂತರೆ ಅದೇ ಕಾನೂನು ಹತ್ತು ವರ್ಷ ಹೆಂಡತಿಯಿಂದ ಅವನನ್ನು ಅಗಲಿಸುತ್ತದೆ, ಆಕೆಗಾಗುವ ಕಷ್ಟವನ್ನು ಸಾಧಿಸಿ ತೋರಿಸಿ ವಿನಾಯಿತಿ ಪಡೆಯದ ಹೊರತು. ಹೊರಡಬೇಕಾದವನನ್ನು ಹೊರಡಿಸಲೆಂದು ಮಾಡಿದ ಶಾಸನವು ಅವನನ್ನು ಹೊರಡದಂತೆ ಕಟ್ಟಿಹಾಕಿದುದು ಶಾಸನರಚನೆಯ ವಿಪರ್ಯಾಸಗಳಲ್ಲೊಂದು. 2012ರಲ್ಲಿ ವಲಸೆ ಮೇಲ್ಮನವಿ ಮಂಡಲಿಯು, ವೃದ್ಧ ತಂದೆತಾಯಿಗಳನ್ನು ನೋಡಲು ಭಾರತಕ್ಕೆ ಬಂದುಹೋಗಿದ್ದ ಭಾರತೀಯ ದಂಪತಿಗಳ ಪ್ರಕರಣದಲ್ಲಿ, ಅರ್ಜಿ ವಿಚಾರಣೆಯಲ್ಲಿರುವಾಗ ಮುಂಗಡ ಅನುಮತಿಪತ್ರ ಪಡೆದು ಹೋಗಿ ಬಂದರೆ ಅದು ಆ ಹತ್ತು ವರ್ಷದ ನಿಷೇಧವನ್ನು ಎಬ್ಬಿಸುವ ನಿರ್ಗಮನವಲ್ಲವೆಂದು ತೀರ್ಮಾನಿಸಿತು. ಅನುಮತಿ ಕೈಸೇರುವವರೆಗೆ ಸಾವು ಕಾಯಬೇಕಷ್ಟೆ.

ಇಷ್ಟೆಲ್ಲ ಇದ್ದರೂ 245ನೆಯ ಪ್ರಕರಣದ ಮಾತು ‘ಕೊಡತಕ್ಕದ್ದು’ ಎಂದಲ್ಲ, ‘ಕೊಡಬಹುದು’ ಎಂದು. ಅರ್ಜಿ ಹಾಕಿದ ಮಾತ್ರಕ್ಕೆ ಉಳಿಯುವ ಹಕ್ಕು ಬಾರದು. 2025ರ ನವೆಂಬರಿನಲ್ಲಿ ಸ್ಯಾನ್ ಡಿಯೆಗೋ ನಗರದಲ್ಲಿ, ಗ್ರೀನ್ ಕಾರ್ಡಿನ ಸಂದರ್ಶನಕ್ಕೆಂದು ಸಂಗಾತಿಯೊಡನೆ ಬಂದಿದ್ದ, ಅವಧಿ ಮೀರಿದ ಕೆಲವರನ್ನು ಆ ಕಛೇರಿಯಲ್ಲಿಯೇ ಬಂಧಿಸಿದರು. ದಶಕಗಳಿಂದ ನಡೆದುಬಂದ ಔದಾರ್ಯವೊಂದು ಅಧಿಕಾರಿಯ ವಿವೇಚನೆಯ ಮೇಲೆ ನಿಂತಿದ್ದರೆ ಏನಾಗಬಹುದೆಂಬುದು ಆಗ ಕಂಡುಬಂತು.

ನಮ್ಮ ದೇಶದ ಕ್ರಮ ಇದಕ್ಕೆ ವ್ಯತಿರಿಕ್ತವಾದುದು. ಇಲ್ಲಿ ಬಾಗಿಲಿಗಿಂತ ಅವಧಿಯೇ ಪ್ರಧಾನ. 1955ರ ಪೌರತ್ವ ಕಾಯಿದೆಯು ಮೊದಲಿಗೆ ಭಾರತೀಯರನ್ನು ವರಿಸಿದ ಸ್ತ್ರೀಯರಿಗೆ ಮಾತ್ರ ನೋಂದಣಿಯ ಅವಕಾಶವನ್ನಿತ್ತಿತ್ತು; 1986ರಲ್ಲಿ ಅದು ಪುರುಷರಿಗೂ ವ್ಯಾಪಿಸಿ, 2003ರ ತಿದ್ದುಪಡಿಯಿಂದ ಏಳು ವರ್ಷಗಳ ವಾಸ ಅಗತ್ಯವಾಯಿತು. 2015ರ ತಿದ್ದುಪಡಿಯ ಮೇರೆಗೆ, ನೋಂದಾಯಿತ ವಿವಾಹವು ಎರಡು ವರ್ಷ ಅವಿಚ್ಛಿನ್ನವಾಗಿ ಉಳಿದಿದ್ದರೆ ವಿದೇಶೀ ಸಂಗಾತಿಯು ಸಾಗರೋತ್ತರ ಪೌರಪತ್ರಕ್ಕೆ ಅರ್ಜಿ ಹಾಕಬಹುದು, ಪಾಕಿಸ್ತಾನ ಬಾಂಗ್ಲಾದೇಶಗಳ ಮೂಲದವರನ್ನುಳಿದು. ಭಟ್ಕಳದ ಕುಟುಂಬಗಳಿಗೆ ಕರಾಚಿಯಿಂದ ಸೊಸೆಯರಾಗಿ ಬಂದವರು ಆದಕಾರಣ ದೀರ್ಘಾವಧಿ ವೀಸಾವನ್ನು ನವೀಕರಿಸಿಕೊಳ್ಳುತ್ತ ಬಾಳುತ್ತಾರೆ. ಪ್ರವಾಸಿ ವೀಸಾದಲ್ಲಿ ಬಂದ ಬೇರೆ ದೇಶದವಳೊಬ್ಬಳು ಚನ್ನಗಿರಿಯ ಸೊಸೆಯಾದರೆ, ಆ ವೀಸಾವನ್ನು ಸಂಗಾತಿಯ ಎಕ್ಸ್ ವೀಸಾವಾಗಿ ಪರಿವರ್ತಿಸಿಕೊಡುವ ಅಧಿಕಾರ ಬೆಂಗಳೂರಿನ ವಿದೇಶೀಯರ ನೋಂದಣಿ ಕಛೇರಿಗುಂಟು. ಆದರೆ ಅದಕ್ಕೆ ಮದುವೆಯ ನೋಂದಣಿಯೂ ಅರ್ಜಿಯೂ ವೀಸಾ ಜೀವಂತವಿರುವಾಗಲೇ ಆಗಬೇಕು. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿರುವ ಹೊಸ ಕಾಯಿದೆಯ ಮೇರೆಗೆ, ಅವಧಿ ಮೀರಿ ನಿಂತವರಿಗೆ ಮೂರು ವರ್ಷದವರೆಗೆ ಸೆರೆ, ಮೂರು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೊರಳಲ್ಲಿ ತಾಳಿಯಿದೆಯೆಂಬ ಕಾರಣಕ್ಕೆ ಅದರಲ್ಲಿ ಯಾರನ್ನೂ ಹೊರಗಿಟ್ಟಿಲ್ಲ.