ಉಬ್ಬುಹಲ್ಲುಗಳೂ ಅವನ್ನು ತಿದ್ದುವ ಸಾಧನಗಳೂ

ಮೇಲಿನ ಬಾಚಿಹಲ್ಲುಗಳು ಮುಂದಕ್ಕೆ ಚಾಚಿಕೊಂಡಿರುವ ಬಾಲಿಕೆಯರನ್ನು ನಾವು ಎಲ್ಲಾ ತರಗತಿಗಳಲ್ಲಿಯೂ ಕಾಣುತ್ತೇವೆ. ಇದನ್ನು ಕೇವಲ ರೂಪದ ಕೊರತೆಯೆಂದೆಣಿಸಿ, ಹೆಣ್ಣು ನೋಡುವವರು ಬರುವ ಕಾಲಕ್ಕೆ ದಂತವೈದ್ಯರಲ್ಲಿಗೆ ಹೋದರಾಯಿತೆಂದು ಸುಮ್ಮನಿರುವ ಮಾತಾಪಿತರು ಅನೇಕರುಂಟು. ಅಷ್ಟರಲ್ಲಿ ಅನುಕೂಲವಾದ ಕಾಲವು ಕಳೆದುಹೋಗಿರುತ್ತದೆಂಬುದನ್ನು ಅವರಿಗೆ ತಿಳಿಸಲಪೇಕ್ಷಿಸುತ್ತೇವೆ.

ಸಾಧಾರಣವಾಗಿ ಮೇಲಿನ ಬಾಚಿಹಲ್ಲುಗಳು ಕೆಳಗಿನವುಗಳಿಗಿಂತ 2-3 ಮಿಲಿಮೀಟರ್ ಮುಂದಿರುವುವು. ಈ ಅಂತರವು ಹೆಚ್ಚಿದಂತೆ ತುಟಿಗಳು ಹಲ್ಲುಗಳನ್ನು ಮರೆಮಾಡಲಾರವು. ಮಗುವು ಆಟದ ಬಯಲಿನಲ್ಲಿ ಮುಗ್ಗರಿಸಿದರೆ ಮೊದಲನೆಯ ಪೆಟ್ಟು ಅವುಗಳಿಗೇ. ಅಂತರವು 3 ಮಿಲಿಮೀಟರನ್ನು ಮೀರಿದ ಮಕ್ಕಳಲ್ಲಿ ಇಂಥ ಗಾಯಗಳ ಸಂಭವವು ಸುಮಾರು ಇಮ್ಮಡಿಯೆಂದು ಕಂಡುಬಂದಿದೆ. ಮುರಿದ ಶಾಶ್ವತ ಹಲ್ಲು ಮತ್ತೆ ಹುಟ್ಟುವುದಿಲ್ಲ.

ವಂಶಗುಣವೂ ಬೆರಳು ಚೀಪುವ ಅಭ್ಯಾಸವೂ ಇದಕ್ಕೆ ಕಾರಣಗಳು. ಆದರೆ ಅನೇಕರಲ್ಲಿ ಮೇಲ್ದವಡೆಯು ಮುಂದೆ ಬಂದಿರುವುದಲ್ಲ, ಕೆಳದವಡೆಯೇ ಹಿಂದುಳಿದಿರುವುದು. ಅಂಥವರಿಗೆಂದೇ ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ ಎಂಬ ದಂತವೈದ್ಯರು 1977ರಲ್ಲಿ 'ಟ್ವಿನ್ ಬ್ಲಾಕ್' ಎಂಬ ಸಾಧನವನ್ನು ರೂಪಿಸಿದರು. ಮೇಲಿನ ಹಲ್ಲುಗಳಿಗೊಂದು, ಕೆಳಗಿನವುಗಳಿಗೊಂದು ಹೀಗೆ ಅಕ್ರಿಲಿಕ್ಕಿನ ಎರಡು ಅಚ್ಚುಗಳು. ಎರಡರಲ್ಲಿಯೂ ಇಳಿಜಾರಾದ ದಿಂಡುಗಳಿರುವುವು. ಬಾಯಿ ಮುಚ್ಚಿದೊಡನೆ ಈ ಇಳಿಜಾರುಗಳು ಒಂದಕ್ಕೊಂದು ತಾಗಿ, ಕೆಳದವಡೆಯು ಮುಂದಕ್ಕೆ ಬಂದೇ ನಿಲ್ಲಬೇಕಾಗುತ್ತದೆ. ಇದನ್ನು ಹಗಲಿರುಳೂ, ಊಟದಲ್ಲಿಯೂ ಧರಿಸಬೇಕೆಂಬುದೇ ಕ್ಲಾರ್ಕರ ಉದ್ದೇಶವಾಗಿತ್ತು. ಮೊದಲ ಕೆಲವು ದಿನ ಮಾತು ತೊದಲುವುದು, ಜೊಲ್ಲು ಹೆಚ್ಚುವುದು. ಗೆಳತಿಯರು ನಗುವುದೂ ಉಂಟು. ಅದಕ್ಕೆ ಅಂಜಿ ಡಬ್ಬಿಯಲ್ಲಿಟ್ಟರೆ ಫಲವಿಲ್ಲ.

ಇದು ದವಡೆಯನ್ನೇ ಬೆಳೆಸುತ್ತದೆಂಬ ಹೊಗಳಿಕೆಯನ್ನು ಮಾತ್ರ ನಾವು ಪೂರ್ಣವಾಗಿ ಒಪ್ಪಲಾರೆವು. ಬ್ರಿಟನ್ನಿನಲ್ಲಿ 8ರಿಂದ 10 ವರ್ಷ ಪ್ರಾಯದ 174 ಮಕ್ಕಳಲ್ಲಿ ನಡೆದು 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅಂತರವು ಬಹಳ ಕಡಿಮೆಯಾಯಿತಾದರೂ ಅದರ ಹೆಚ್ಚಿನ ಪಾಲು ಹಲ್ಲುಗಳ ಚಲನೆಯಿಂದಲೇ ಆದುದೆಂದು ತಿಳಿದುಬಂತು. ಒಟ್ಟು 1251 ಮಂದಿಯನ್ನೊಳಗೊಂಡ 27 ಪರೀಕ್ಷೆಗಳನ್ನು ತೂಗಿನೋಡಿದ 2018ರ ಕಾಕ್ರೇನ್ ವಿಮರ್ಶೆಯು, ಎಳೆಯ ಪ್ರಾಯದಲ್ಲಿಯೇ ಆರಂಭಿಸುವುದರಿಂದ ಬಾಚಿಹಲ್ಲುಗಳಿಗೆ ಗಾಯವು ಕಡಿಮೆಯಾಗುವುದೆಂದೂ, ಅದನ್ನುಳಿದು ಹದಿಹರೆಯದ ಚಿಕಿತ್ಸೆಗಿಂತ ಬೇರೆ ಲಾಭವಿಲ್ಲವೆಂದೂ ಹೇಳಿತು. ಆದಕಾರಣ ಹಲ್ಲು ಮುರಿಯುವ ಭಯವು ವಿಶೇಷವಾಗಿಲ್ಲದಿದ್ದರೆ ಎಂಟು ವರ್ಷದ ಮಗುವಿಗೆ ಅವಸರಪಡಬೇಕಾಗಿಲ್ಲ.

ಹಾಗೆಂದು ಬಹುಕಾಲ ಕಾಯಲೂ ಕೂಡದು. ಹುಡುಗಿಯರ ಶರೀರವು ಸುಮಾರು 12ನೆಯ ವರ್ಷದಲ್ಲಿ ಅತಿ ವೇಗವಾಗಿ ಬೆಳೆಯುವುದು. ಹುಡುಗರಲ್ಲಿ ಇದು ಸುಮಾರು ಎರಡು ವರ್ಷ ತಡ. ಅಣ್ಣನಿಗೆ ಹದಿನಾಲ್ಕರಲ್ಲಿ ಮಾಡಿಸಿದೆವೆಂದು ತಂಗಿಯನ್ನೂ ಅಲ್ಲಿಯವರೆಗೆ ಕಾಯಿಸಬಾರದು. ಬೆಳವಣಿಗೆ ಮುಗಿದ ಮೇಲೆ ಹಲ್ಲುಗಳನ್ನು ಸರಿಸಬಹುದೇ ಹೊರತು ದವಡೆಯ ಬೆಳವಣಿಗೆಯ ಸಹಾಯವು ದೊರೆಯದು. ಕೆಲವರಿಗೆ ಹಲ್ಲು ಕೀಳಿಸಬೇಕಾಗುವುದು, ತೀವ್ರವಾದ ಸ್ಥಿತಿಯಲ್ಲಿ ಶಸ್ತ್ರಚಿಕಿತ್ಸೆಯೂ ಬೇಕಾದೀತು.

ಜನರು 'ಕ್ಲಿಪ್ಪು' ಎನ್ನುವ ಸ್ಥಿರ ಸಾಧನವು ಹಲ್ಲುಗಳಿಗೆ ಅಂಟಿಸಿದ ತುಣುಕುಗಳ ಮೂಲಕ ಹಾಯುವ ತಂತಿ. ಹಲ್ಲಿನ ಬೇರನ್ನು ಒತ್ತಿದ ಕಡೆ ಮೂಳೆಯು ಕರಗಿ, ಎಳೆದ ಕಡೆ ಹೊಸದಾಗಿ ಬೆಳೆಯುವುದು. ತಿಂಗಳಿಗೆ ಸುಮಾರು 1 ಮಿಲಿಮೀಟರಿನಷ್ಟು ಮಾತ್ರ ಹಲ್ಲು ಸರಿಯುವುದು. ಬಿಗಿಯಾಗಿ ಎಳೆದರೆ ಬೇಗ ಮುಗಿದೀತೆಂದು ವೈದ್ಯರನ್ನು ಒತ್ತಾಯಿಸಬೇಡಿರಿ, ಬೇರಿಗೇ ಕೇಡಾದೀತು. ಚಕ್ಕುಲಿ, ಕಬ್ಬು ಮೊದಲಾದ ಗಟ್ಟಿ ಪದಾರ್ಥಗಳಿಂದ ತುಣುಕುಗಳು ಕಳಚುವುವು.

ಸಾಧನವನ್ನು ತೆಗೆದ ಮೇಲೆ ಹಲ್ಲುಗಳು ಹಿಂದಿನ ಸ್ಥಳಕ್ಕೆ ಮರಳಲೆಳಸುವುದರಿಂದ, ವೈದ್ಯರು 'ರಿಟೇನರ್' ಎಂಬ ಇನ್ನೊಂದನ್ನು ಕೊಡುವರು. ಹಾಸ್ಟೆಲಿನ ಮಕ್ಕಳು ಅದನ್ನು ಊಟದ ವೇಳೆ ಕಾಗದದಲ್ಲಿ ಸುತ್ತಿಟ್ಟು, ಎಂಜಲಿನೊಡನೆ ಎಸೆದುಬಿಡುವುದುಂಟು. ಆದುದರಿಂದ ಹೆಸರು ಬರೆದ ಒಂದು ಡಬ್ಬಿಯನ್ನು ಮನೆಯಿಂದಲೇ ಕಳುಹಿಸಿರಿ. ಅದನ್ನು ತಣ್ಣೀರಿನಲ್ಲಿಯೇ ತೊಳೆಯಬೇಕು. ಬಿಸಿನೀರು ತಗಲಿದರೆ ಸೊಟ್ಟಗಾಗುವುದು.