ಬೈಟುಗಳನ್ನು ಓದುವ ಬಗೆ

ಗಣಕಯಂತ್ರದಲ್ಲಿ ನಾವು ಇರಿಸುವ ವಸ್ತುಗಳು ಅನೇಕ ವಿಧ. ಪ್ರಬಂಧ, ಭಾವಚಿತ್ರ, ಹಾಡು, ಜಮಾಖರ್ಚಿನ ಪಟ್ಟಿ, ಇವೆಲ್ಲವೂ ನಮ್ಮ ಕಣ್ಣಿಗೆ ಬೇರೆ ಬೇರೆಯಾಗಿ ತೋರುವುವು. ಯಂತ್ರದ ಪಾಲಿಗೆ ಈ ಭೇದವಿಲ್ಲ. ಅದರ ಉಗ್ರಾಣದಲ್ಲಿ ತುಂಬಿರುವುದು ಒಂದೇ ಧಾನ್ಯ: ಸೊನ್ನೆಯಿಂದ ೨೫೫ರ ವರೆಗಿನ ಅಂಕಿಗಳ ಉದ್ದನೆಯ ಸಾಲು. ಈ ಸಾಲಿನ ಒಂದೊಂದು ಅಂಕಿಗೂ ಬೈಟ್ ಎಂದು ಹೆಸರು. ೧೯೫೬ರಲ್ಲಿ ಐಬಿಎಂ ಸಂಸ್ಥೆಯಲ್ಲಿದ್ದ ವೆರ್ನರ್ ಬುಕ್‌ಹೋಲ್ಟ್ಸ್ ಎಂಬ ಇಂಜಿನಿಯರರು ಈ ಪದವನ್ನು ಹುಟ್ಟಿಸಿದರು. ಇಂದಿನ ಬೈಟಿನಲ್ಲಿ ಎಂಟು ಬಿಟ್‌ಗಳಿರುವುವು. ಪ್ರತಿಯೊಂದು ಬಿಟ್ ಸೊನ್ನೆಯಾಗಿರಬಹುದು, ಇಲ್ಲವೆ ಒಂದಾಗಿರಬಹುದು. ಎರಡನ್ನು ಎಂಟು ಸಲ ಗುಣಿಸಿದರೆ ೨೫೬ ಬರುವುದಾದ್ದರಿಂದ ಒಂದು ಬೈಟಿಗೆ ಅಷ್ಟೇ ಬಗೆಯ ಬೆಲೆಗಳು ಸಾಧ್ಯ.

ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಈ ವಿಷಯವನ್ನು ಏಕೆ ಎತ್ತಬೇಕೆಂದು ಕೆಲವರು ಕೇಳಬಹುದು. ಕಾರಣ ಹತ್ತಿರದಲ್ಲಿಯೇ ಇದೆ. ಮುಂಬಯಿಯ ಕನ್ನಡ ಶಾಲೆಗಳಲ್ಲಿಯೂ ಸಂಘಗಳಲ್ಲಿಯೂ ಹಿಂದಿನ ಸಂಚಿಕೆಗಳ ಅಚ್ಚಿನ ಪ್ರತಿಗಳನ್ನು ಮಳೆಗಾಲದ ತೇವವೂ ಗೆದ್ದಲೂ ತಿನ್ನುತ್ತಿವೆ. ಅವುಗಳ ಗಣಕ ಪ್ರತಿಗಳು ಕೆಲವೆಡೆ ಉಳಿದಿವೆ. ಆದರೆ ತೆರೆದು ನೋಡಿದರೆ ಕನ್ನಡದ ಬದಲು ರೋಮನ್ ಅಕ್ಷರಗಳೂ, ತಲೆಯ ಮೇಲೆ ಗೀರುಳ್ಳ ಯುರೋಪಿನ ಅಕ್ಷರಗಳೂ ಕಲಸಿದ ಗೊಂದಲ ಕಾಣುವುದು. ಕೆಟ್ಟುಹೋಗಿದೆಯೆಂದು ಅವನ್ನು ಅಳಿಸುವವರಿದ್ದಾರೆ. ಅಂಥ ಕಡತ ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. ಅದರೊಳಗಿನ ಬೈಟುಗಳನ್ನು ಯಾವ ಕಟ್ಟಳೆಯಂತೆ ಓದಬೇಕೆಂಬುದು ತೆರೆದ ತಂತ್ರಾಂಶಕ್ಕೆ ತಿಳಿದಿಲ್ಲ, ಅಷ್ಟೆ. ಮಕ್ಕಳು ಬರೆದ ಪ್ರಬಂಧಗಳು, ಶಾಲೆಯನ್ನು ಕಟ್ಟಿದವರ ಪರಿಚಯ, ದಾನಿಗಳ ಯಾದಿ, ಇವು ಮತ್ತೆಲ್ಲಿಯೂ ದೊರೆಯದ ವಸ್ತುಗಳಾದುದರಿಂದ ಈ ಕಟ್ಟಳೆಯನ್ನು ಅರಿಯುವುದು ನಮಗೆ ಅಗತ್ಯವಾಗಿದೆ.

ಅಂಕಿಗೂ ಅರ್ಥಕ್ಕೂ ಇರುವ ಸಂಬಂಧವೆಂಥದು? ನಮ್ಮ ನಗರದ ಡಬ್ಬಾವಾಲಾಗಳನ್ನು ನೆನೆಯೋಣ. ಊಟದ ಡಬ್ಬಿಯ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಅಂಕಿ ಅಕ್ಷರಗಳಿರುವುವು. ಒಂದು ಸ್ಥಾನದಲ್ಲಿರುವ ಅಂಕಿ ತಲುಪಬೇಕಾದ ಪ್ರದೇಶವನ್ನು ಸೂಚಿಸಿದರೆ ಇನ್ನೊಂದು ಸ್ಥಾನದಲ್ಲಿರುವ ಅಂಕಿ ಕಟ್ಟಡದ ಮಹಡಿಯನ್ನು ಸೂಚಿಸುವುದು. ಅರಿಯದವನಿಗೆ ಅವು ಬರಿಯ ಅಂಕಿಗಳು. ಬೈಟಿನ ಸ್ಥಿತಿಯೂ ಹೀಗೆಯೇ. ೮೦ ಎಂಬ ಬೈಟನ್ನು ತೆಗೆದುಕೊಳ್ಳಿರಿ. ೧೯೬೩ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆಸ್ಕಿ ಎಂಬ ಕಟ್ಟಳೆಯಂತೆ ಅದು ರೋಮನ್ ಲಿಪಿಯ ‘ಪಿ’ ಎಂಬ ದೊಡ್ಡಕ್ಷರ. ಚಿತ್ರದ ಕಡತದಲ್ಲಿ ಅದೇ ೮೦ ಒಂದು ಚುಕ್ಕೆಯ ಬಣ್ಣದ ಗಾಢತೆಯಾಗಿರಬಹುದು. ಲೆಕ್ಕದಲ್ಲಿ ಎಂಬತ್ತು ರೂಪಾಯಿಯೂ ಆಗಬಹುದು. ಹಳೆಯ ನುಡಿ ಫಾಂಟಿನಲ್ಲಿ ಅದು ‘ಕ’ ಅಕ್ಷರದ ತಲೆಕಟ್ಟಿಲ್ಲದ ಒಡಲು! ೮೦ ತಾನಾಗಿ ಇವುಗಳಲ್ಲಿ ಯಾವುದೆಂದೂ ಹೇಳಲಾರದು.

ಹೀಗಿರುವುದರಿಂದ ಹಲವು ಬಗೆಯ ಕಡತಗಳು ತಮ್ಮ ಮೊದಲ ಕೆಲವು ಬೈಟುಗಳಲ್ಲಿಯೇ ಗುರುತಿನ ಚೀಟಿಯನ್ನು ಹೊತ್ತಿರುವುವು. ಜೆಪೆಗ್ ಭಾವಚಿತ್ರವು ೨೫೫, ೨೧೬, ೨೫೫ ಎಂದು ಮೊದಲಾಗುವುದು. ಪಿಡಿಎಫ್ ಕಡತದ ಆರಂಭ ೩೭, ೮೦, ೬೮, ೭೦. ಪಿಎನ್‌ಜಿ ಚಿತ್ರದ ಗುರುತಂತೂ ಜಾಣತನದಿಂದ ಕೂಡಿದೆ: ೧೩೭, ೮೦, ೭೮, ೭೧, ೧೩, ೧೦, ೨೬, ೧೦. ಇದರಲ್ಲಿ ಮೊದಲನೆಯ ೧೩೭ ಬೇಕೆಂದೇ ೧೨೭ನ್ನು ಮೀರಿದೆ. ಬೈಟಿನ ಎಂಟನೆಯ ಬಿಟ್ಟನ್ನು ಕತ್ತರಿಸಿ ಬಿಡುತ್ತಿದ್ದ ಹಳೆಯ ಸಾಗಣೆಯ ಮಾರ್ಗಗಳಲ್ಲಿ ಕಡತ ಹಾದುಬಂದರೆ ಈ ಅಂಕಿ ಬದಲಾಗಿ ಹಾನಿ ಬಯಲಾಗುವುದು. ೧೩, ೧೦ ಎಂಬ ಜೋಡಿಗೂ ಕೊನೆಯ ೧೦ಕ್ಕೂ ಇನ್ನೊಂದು ಉದ್ದೇಶವಿದೆ. ವಿಂಡೋಸ್ ವ್ಯವಸ್ಥೆಯಲ್ಲಿ ಪಠ್ಯದ ಸಾಲು ಮುಗಿದುದಕ್ಕೆ ೧೩, ೧೦ ಎಂಬ ಎರಡು ಬೈಟುಗಳು ರೂಢಿಯಲ್ಲಿವೆ. ಯುನಿಕ್ಸ್ ವಂಶದ ವ್ಯವಸ್ಥೆಗಳಲ್ಲಿ ೧೦ ಒಂದೇ ಸಾಕು. ಕೆಲವು ಪ್ರೋಗ್ರಾಮುಗಳು ಪಠ್ಯವೆಂದು ಭಾವಿಸಿದ ಕಡತದಲ್ಲಿ ಒಂದನ್ನು ಮತ್ತೊಂದಕ್ಕೆ ಮಾರ್ಪಡಿಸಿಬಿಡುವುವು. ಪ್ರಬಂಧಕ್ಕೆ ಇದರಿಂದ ಕೇಡಿಲ್ಲ. ಚಿತ್ರಕ್ಕಾದರೋ, ಎಲ್ಲೋ ನಡುವೆ ಬಣ್ಣವಾಗಿ ನಿಂತಿದ್ದ ೧೦ರ ಮುಂದೆ ಕರೆಯದೆ ಬಂದ ೧೩ ಸೇರಿಕೊಂಡು ಅಲ್ಲಿಂದಾಚೆಗೆ ಎಲ್ಲವೂ ಒಂದು ಮನೆ ಜಾರುವುದು.

ಆದುದರಿಂದ ಕಡತವನ್ನು ತೆರೆಯುವಾಗ ‘ಇದನ್ನು ಬೈಟುಗಳಾಗಿಯೇ ಕೊಡು’ ಎಂದು ಪ್ರೋಗ್ರಾಮಿಗೆ ಸ್ಪಷ್ಟವಾಗಿ ತಿಳಿಸಬೇಕು. ಈಗ ಶಾಲೆಗಳಲ್ಲಿ ಕಲಿಸುವ ಪೈಥಾನ್ ಭಾಷೆಯಲ್ಲಿ ಇದಕ್ಕೆ ‘ಆರ್‌ಬಿ’ ಎಂಬ ಎರಡು ರೋಮನ್ ಅಕ್ಷರಗಳ ಸೂಚನೆ ಸಾಕು. ‘ಆರ್’ ಎಂದರೆ ಓದು, ‘ಬಿ’ ಎಂದರೆ ಬೈನರಿ. ಆಗ ಕೈಗೆ ಬರುವುದು ಬೈಟುಗಳ ಸಾಲು. ಅದರ ಮನೆಗಳನ್ನು ಸೊನ್ನೆಯಿಂದ ಎಣಿಸುವರು. ಪೈಥಾನಿನಲ್ಲಿ ಇಂಥ ಸಾಲು ಎರಡು ಬಗೆ: ‘ಬೈಟ್ಸ್’ ಎಂಬುದು ಓದಲು ಮಾತ್ರ, ಅದರ ಯಾವ ಮನೆಯನ್ನೂ ತಿದ್ದಲು ಬಾರದು, ‘ಬೈಟ್ ಅರೇ’ ಎಂಬುದರ ಮನೆಗಳನ್ನು ತಿದ್ದಬಹುದು. ೨೦೦೮ರಲ್ಲಿ ಬಂದ ಪೈಥಾನಿನ ಮೂರನೆಯ ಆವೃತ್ತಿಯು ಬೈಟುಗಳ ಸಾಲನ್ನೂ ಅಕ್ಷರಗಳ ಸಾಲನ್ನೂ ಕಟ್ಟುನಿಟ್ಟಾಗಿ ಬೇರ್ಪಡಿಸಿತು. ಹೊಸಬರಿಗೆ ಇದು ಕಿರುಕುಳವೆನಿಸಬಹುದು. ಕನ್ನಡಿಗರಿಗೆ ಇದರಿಂದ ಉಪಕಾರವೇ ಆಯಿತೆಂಬುದು ನಮ್ಮ ಅಭಿಪ್ರಾಯ. ಜಾವಾ ಭಾಷೆಯನ್ನು ಬಳಸುವವರು ಮಾತ್ರ ಒಂದು ವಿಚಿತ್ರವನ್ನು ನೆನಪಿಡತಕ್ಕದ್ದು. ಅಲ್ಲಿ ಬೈಟಿನ ಬೆಲೆ ಋಣ ೧೨೮ರಿಂದ ಧನ ೧೨೭ರ ವರೆಗೆ. ೧೯೨ ಎಂಬ ಬೈಟು ಅಲ್ಲಿ ಋಣ ೬೪ ಆಗಿ ತೋರುವುದು. ೨೫೬ನ್ನು ಕೂಡಿದರೆ ನಿಜವಾದ ಬೆಲೆ ದೊರೆಯುವುದು.

೨೫೫ಕ್ಕಿಂತ ದೊಡ್ಡ ಸಂಖ್ಯೆಯನ್ನು ಹಲವು ಬೈಟುಗಳಲ್ಲಿ ಹಂಚಿ ಬರೆಯಬೇಕಾಗುವುದು. ಆಗ ದೊಡ್ಡ ಭಾಗ ಮೊದಲೋ, ಚಿಕ್ಕ ಭಾಗ ಮೊದಲೋ ಎಂಬ ಪ್ರಶ್ನೆ ಏಳುವುದು. ಮುಂಬಯಿಯ ಕನ್ನಡ ಮಕ್ಕಳಿಗೆ ಇದನ್ನು ವಿವರಿಸಬೇಕಾದ್ದೇ ಇಲ್ಲ. ಮನೆಯಲ್ಲಿ ‘ಇಪ್ಪತ್ತೈದು’ ಎನ್ನುವಾಗ ಇಪ್ಪತ್ತು ಮೊದಲು ಬರುವುದು. ಬೀದಿಯಲ್ಲಿ ಮರಾಠಿಯ ‘ಪಂಚವೀಸ್’ ಎನ್ನುವಾಗ ಐದು ಮೊದಲು ಬರುವುದು. ಗಣಕಯಂತ್ರಗಳಲ್ಲಿಯೂ ಈ ಎರಡು ಸಂಪ್ರದಾಯಗಳಿವೆ. ೧೯೮೦ರಲ್ಲಿ ಡ್ಯಾನಿ ಕೋಹೆನ್ ಎಂಬವರು ಗಲಿವರನ ಪ್ರವಾಸದ ಕಥೆಯಲ್ಲಿ ಬರುವ, ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂಬ ಜಗಳದಿಂದ ಇವುಗಳಿಗೆ ಹೆಸರನ್ನು ಎತ್ತಿಕೊಂಡರು: ಬಿಗ್ ಎಂಡಿಯನ್, ಲಿಟ್ಲ್ ಎಂಡಿಯನ್. ಬಿಎಂಪಿ ಎಂಬ ಹಳೆಯ ಬಗೆಯ ಚಿತ್ರದಲ್ಲಿ ಅಗಲವನ್ನು ಸಾಮಾನ್ಯವಾಗಿ ೧೮ನೆಯ ಮನೆಯಿಂದ ನಾಲ್ಕು ಬೈಟುಗಳಲ್ಲಿ ಮರಾಠಿಯ ಕ್ರಮದಂತೆ ಬರೆದಿರುವರು. ೬೪೦ ಚುಕ್ಕೆ ಅಗಲವಾದರೆ ಅಲ್ಲಿ ಕಾಣುವುದು ೧೨೮, ೨, ೦, ೦. ಎರಡು ೨೫೬ಗಳು ೫೧೨, ಅದಕ್ಕೆ ೧೨೮ ಸೇರಿ ೬೪೦. ಇದನ್ನೇ ಕನ್ನಡದ ಕ್ರಮದಂತೆ ಓದಿದರೆ ಚಿತ್ರದ ಅಗಲ ಇನ್ನೂರ ಹದಿನಾಲ್ಕು ಕೋಟಿ ಚುಕ್ಕೆಗಳನ್ನು ಮೀರುವುದು.

ಇನ್ನು ನಮ್ಮ ಅಕ್ಷರಕ್ಕೆ ಬರೋಣ. ಆಸ್ಕಿಯಲ್ಲಿ ಇದ್ದುದು ೧೨೮ ಸ್ಥಾನಗಳು. ಅವು ಇಂಗ್ಲಿಷಿಗೇ ಸರಿಹೋದುವು. ೧೯೯೧ರಲ್ಲಿ ಬಂದ ಯುನಿಕೋಡ್ ಕಟ್ಟಳೆಯು ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೩೨೦೦ರಿಂದ ೩೩೨೭ರ ವರೆಗಿನ ಸ್ಥಾನಗಳನ್ನು ಕೊಟ್ಟಿತು. ‘ಕ’ದ ಸ್ಥಾನ ೩೨೨೧. ಇದು ಒಂದು ಬೈಟಿನಲ್ಲಿ ಹಿಡಿಯದು. ೧೯೯೨ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬವರು ರೂಪಿಸಿದ ಯುಟಿಎಫ್-೮ ಎಂಬ ಕ್ರಮವು ಇಂಥ ಸ್ಥಾನವನ್ನು ಮೂರು ಬೈಟುಗಳಲ್ಲಿ ಹಂಚುವುದು. ‘ಕ’ ಎಂದರೆ ೨೨೪, ೧೭೮, ೧೪೯. ಮೊದಲನೆಯ ಬೈಟು ‘ಇಲ್ಲಿಂದ ಮೂರು ಬೈಟುಗಳು ಒಂದೇ ಅಕ್ಷರ’ ಎಂದು ಸಾರುವುದು; ಹಿಂಬಾಲಿಸುವ ಎರಡೂ ೧೨೮ರಿಂದ ೧೯೧ರೊಳಗೇ ಇರತಕ್ಕದ್ದು. ಕನ್ನಡದ ಎಲ್ಲ ಅಕ್ಷರಗಳಿಗೂ ಮೊದಲ ಬೈಟು ೨೨೪, ಎರಡನೆಯದು ೧೭೮ ಇಲ್ಲವೆ ೧೭೯. ‘ಕನ್ನಡ’ ಎಂಬ ಪದವನ್ನು ಕ, ನ, ವಿರಾಮಚಿಹ್ನೆ, ನ, ಡ ಎಂದು ಬಿಡಿಸಿ ಬರೆಯುವುದರಿಂದ ಅದಕ್ಕೆ ಹದಿನೈದು ಬೈಟುಗಳು ಬೇಕು. ನಮ್ಮ ಅಂಕಿಗಳೂ ಇದಕ್ಕೆ ಹೊರತಲ್ಲ. ‘೧’ ಎಂದು ಬರೆದರೆ ಯಂತ್ರದಲ್ಲಿರುವುದು ೨೨೪, ೧೭೯, ೧೬೭.

ಹಳೆಯ ನುಡಿ ಫಾಂಟುಗಳ ಕಾಲದಲ್ಲಿ ಬೇರೊಂದು ಉಪಾಯ ನಡೆಯುತ್ತಿತ್ತು. ರೋಮನ್ ಅಕ್ಷರಗಳ ಸ್ಥಾನಗಳಲ್ಲಿಯೇ ಕನ್ನಡದ ತುಂಡುಗಳನ್ನು ಕೂರಿಸಿ, ಬೆರಳಚ್ಚು ಯಂತ್ರದಂತೆ ಒಡಲು, ತಲೆಕಟ್ಟು, ಒತ್ತು ಎಂದು ಜೋಡಿಸುತ್ತಿದ್ದರು. ಅದರಲ್ಲಿ ‘ಕನ್ನಡ’ ಎಂದರೆ ಏಳೇ ಬೈಟುಗಳು: ೮೦, ೧೯೨, ೧೬೩, ೧೯೨, ೨೨೩, ೧೧೩, ೧೯೨. ೮೦ ಎಂಬುದು ‘ಕ’ದ ಒಡಲು, ೧೬೩ ‘ನ’ದ ಒಡಲು, ೨೨೩ ‘ನ’ದ ಒತ್ತು, ೧೧೩ ‘ಡ’ದ ಒಡಲು. ಮೂರು ಸಲ ಬಂದಿರುವ ೧೯೨ ತಲೆಕಟ್ಟು. ಆ ಫಾಂಟು ಇರುವ ಯಂತ್ರದಲ್ಲಿ ಇದು ಅಚ್ಚುಕಟ್ಟಾದ ಕನ್ನಡ. ಇಲ್ಲದ ಯಂತ್ರದಲ್ಲಿ ಯುರೋಪಿನ ಗೊಂದಲ.

ಅಪಾಯ ಹುಟ್ಟುವುದು ಈ ಗೊಂದಲವನ್ನು ಸರಿಪಡಿಸಲು ಹೊರಟಾಗ. ಈ ಏಳು ಬೈಟುಗಳನ್ನು ಯುಟಿಎಫ್-೮ ಎಂದು ಭಾವಿಸಿ ಓದಿಸಿದರೆ ಪ್ರೋಗ್ರಾಮು ತಡವರಿಸುವುದು. ಏಕೆಂದರೆ ೧೯೨ ಎಂಬ ಬೈಟಿಗೆ ಯುಟಿಎಫ್-೮ರಲ್ಲಿ ಸ್ಥಾನವೇ ಇಲ್ಲ. ತಪ್ಪೆಂದು ಹೇಳಿ ನಿಂತುಬಿಟ್ಟರೆ ಒಳ್ಳೆಯದು. ಹಲವು ತಂತ್ರಾಂಶಗಳು ನಿಲ್ಲುವುದಿಲ್ಲ. ಅರ್ಥವಾಗದ ಒಂದೊಂದು ಬೈಟಿನ ಜಾಗದಲ್ಲಿಯೂ ಪ್ರಶ್ನಾರ್ಥಕವುಳ್ಳ ಕರಿಯ ವಜ್ರಾಕಾರದ ಚಿಹ್ನೆಯನ್ನು ಹಾಕಿ ಮುಂದೆ ಸಾಗುವುವು. ಮೇಲಿನ ಏಳರಲ್ಲಿ ೮೦ ಮತ್ತು ೧೧೩ ಮಾತ್ರ ಬದುಕುವುವು. ತಲೆಕಟ್ಟು, ‘ನ’ದ ಒಡಲು, ಒತ್ತು, ಎಲ್ಲವೂ ಒಂದೇ ಮುಖದ ಚಿಹ್ನೆಯಾಗುವುವು. ಇಷ್ಟಾದರೂ ಮೂಲ ಕಡತಕ್ಕೆ ಇನ್ನೂ ಏನೂ ಆಗಿಲ್ಲ. ಯಾರಾದರೂ ಆಗ ಉಳಿಸುವ ಗುಂಡಿಯನ್ನು ಒತ್ತಿದರೆ ಮಾತ್ರ, ಆ ಐದು ಬೈಟುಗಳ ಜಾಗದಲ್ಲಿ ೨೩೯, ೧೯೧, ೧೮೯ ಎಂಬ ತ್ರಿಕವು ಐದು ಸಲ ಬರೆಯಲ್ಪಡುವುದು. ಯಾವ ಚಿಹ್ನೆ ಮೊದಲು ಏನಾಗಿತ್ತೆಂದು ಇನ್ನು ಯಾವ ಪಂಡಿತನೂ ಹೇಳಲಾರನು. ಗೊಂದಲವಾಗಿ ಕಾಣುವ ಕಡತಕ್ಕೆ ಮದ್ದಿದೆ. ಹೀಗೆ ‘ಸರಿಪಡಿಸಿ’ ಉಳಿಸಿದ ಕಡತಕ್ಕೆ ಮದ್ದಿಲ್ಲ. ಮೂಲವನ್ನು ಮುಟ್ಟದೆ, ಬೇರೆ ಹೆಸರಿನ ನಕಲಿನ ಮೇಲೆಯೇ ಕೆಲಸ ಮಾಡಬೇಕೆಂದು ಬಲ್ಲವರು ಹೇಳುವುದು ಇದಕ್ಕಾಗಿಯೇ.

ಸರಳ ಪಠ್ಯದ ಕಡತವಾದರೆ ಪರೀಕ್ಷೆ ಸುಲಭ. ಮೊದಲ ನೂರಿನ್ನೂರು ಬೈಟುಗಳನ್ನು ಅಂಕಿಗಳಾಗಿ ತೆರೆಯ ಮೇಲೆ ಬರೆಯಿಸಿರಿ. ೨೨೪ರ ಬೆನ್ನಿಗೆ ೧೭೮ ಅಥವಾ ೧೭೯ ಮರಮರಳಿ ಬಂದರೆ ಅದು ಯುಟಿಎಫ್-೮ ಕನ್ನಡ. ೧೯೨ ಹೆಜ್ಜೆಹೆಜ್ಜೆಗೂ ಕಂಡರೆ ಹಳೆಯ ನುಡಿಯ ತಲೆಕಟ್ಟೆಂದು ಊಹಿಸಬಹುದು. ದೊಡ್ಡ ಕಡತವನ್ನು ೪೦೯೬ ಬೈಟುಗಳ ಕಂತುಗಳಲ್ಲಿ ಓದುವವರು ಇನ್ನೊಂದು ಎಚ್ಚರವನ್ನು ವಹಿಸಬೇಕು. ೪೦೯೬ನ್ನು ಮೂರರಿಂದ ಭಾಗಿಸಿದರೆ ಒಂದು ಉಳಿಯುವುದು. ಎಲ್ಲವೂ ಮೂರು ಬೈಟಿನ ಕನ್ನಡವೇ ಆದರೆ ಮೊದಲ ಕಂತಿನ ಕೊನೆಯಲ್ಲಿ ಒಂದು ಅಕ್ಷರದ ತಲೆ ಮಾತ್ರ ಸಿಕ್ಕಿ, ಉಳಿದ ಎರಡು ಬೈಟುಗಳು ಮುಂದಿನ ಕಂತಿಗೆ ಹೋಗುವುವು. ಉಳಿಕೆಯನ್ನು ಇಟ್ಟುಕೊಂಡು ಮುಂದಿನ ಕಂತಿಗೆ ಸೇರಿಸಬೇಕು. ಶಾಲೆಯ ಸಂಚಿಕೆಯ ಪಠ್ಯವಾದರೆ ಒಂದೇ ಸಲಕ್ಕೆ ಓದಿಬಿಡುವುದು ಲೇಸು. ಇಂದಿನ ಯಂತ್ರಕ್ಕೆ ಅದು ಭಾರವಲ್ಲ.

ಹಳೆಯ ಬೈಟುಗಳನ್ನು ಯುನಿಕೋಡಿಗೆ ತರುವ ಪರಿವರ್ತಕಗಳು ಉಚಿತವಾಗಿ ದೊರೆಯುವುವು. ಅವುಗಳ ಕೆಲಸ ಒಂದು ಅಂಕಿಯ ಬದಲಿಗೆ ಇನ್ನೊಂದನ್ನು ಇಡುವುದರಲ್ಲಿ ಮುಗಿಯುವುದಿಲ್ಲ. ‘ಕರ್ನಾಟಕ’ ಎಂಬ ಪದ ಹಳೆಯ ಕ್ರಮದಲ್ಲಿ ೮೦, ೧೯೨, ೧೬೩, ೧೯೩, ೨೪೦, ೧೦೮, ೮೦, ೧೯೨. ಇದರಲ್ಲಿ ೨೪೦ ಎಂಬುದು ಅರ್ಕಾವತ್ತು. ಕಣ್ಣಿಗೆ ಕಾಣುವಂತೆ ಅದು ‘ನಾ’ ಆದ ಮೇಲೆ ಬಂದಿದೆ. ಯುನಿಕೋಡಿನಲ್ಲಿ ನಾಲಗೆಯ ಕ್ರಮ. ಅಲ್ಲಿ ‘ರ’ವೂ ವಿರಾಮಚಿಹ್ನೆಯೂ ‘ನಾ’ಕ್ಕಿಂತ ಮುಂಚೆ ಬರಬೇಕು. ಪರಿವರ್ತಕವು ಅದನ್ನು ಎತ್ತಿ ಹಿಂದಕ್ಕೆ ಒಯ್ದು ಇಡಬೇಕಾಗುವುದು. ಹೀಗಾಗಿ ಪರಿವರ್ತಿಸಿದ ಪಠ್ಯವನ್ನು ಹಳೆಯ ಅಚ್ಚಿನ ಸಂಚಿಕೆಯೊಡನೆ ತಾಳೆ ನೋಡುವ ವಿದ್ಯಾರ್ಥಿಗಳು ವರ್ಷ, ಕಾರ್ಯ, ಧರ್ಮ, ಮಾರ್ಗ ಮುಂತಾದ ಅರ್ಕಾವತ್ತಿನ ಪದಗಳನ್ನು ಮೊದಲು ಹುಡುಕಿ ನೋಡುವುದು ಒಳ್ಳೆಯದು.