ಹಳೆಯ ಗೀಸರ್ ಕೊಳ್ಳುವ ಮುನ್ನ

ಬಚ್ಚಲ ಒಲೆಗೆ ತೆಂಗಿನ ಮಡಲು, ಸಿಪ್ಪೆ ಹಾಕಿ ಹಂಡೆಯಲ್ಲಿ ನೀರು ಕಾಯಿಸುವ ಪದ್ಧತಿ ಕರಾವಳಿಯ ಮನೆಗಳಿಂದ ನಿಧಾನವಾಗಿ ಮರೆಯಾಗುತ್ತಿದೆ. ಫ್ಲ್ಯಾಟುಗಳಲ್ಲಂತೂ ಒಲೆಗೆ ಜಾಗವೇ ಇಲ್ಲ. ಆದರೆ ಬಿಸಿನೀರಿನ ಅಗತ್ಯ ಕಡಿಮೆಯಾಗಿಲ್ಲ. ಮುಂಜಾನೆ ವುಝೂ ಮಾಡುವ ಹಿರಿಯರಿಗೆ, ಶಾಲೆಗೆ ಹೊರಡುವ ಮಕ್ಕಳಿಗೆ, ಬಾಣಂತಿ ಮತ್ತು ಮಗುವಿನ ಸ್ನಾನಕ್ಕೆ ಅದು ಬೇಕೇ ಬೇಕು. ಹೊಸ ಗೀಸರ್‌ಗೆ ಹಣ ಹೊಂದಿಸಲಾಗದವರು ಮನೆ ಖಾಲಿ ಮಾಡುವವರಿಂದಲೋ ಗುಜರಿ ಅಂಗಡಿಯಿಂದಲೋ ಹಳೆಯದನ್ನು ತರುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ವಿದ್ಯುತ್ತು ಮತ್ತು ನೀರು ಒಂದೇ ಡಬ್ಬಿಯೊಳಗೆ ಕೆಲಸ ಮಾಡುವ ಸಾಧನವಿದು. ಎಲ್ಲಿ ಹಣ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬುದು ಗೃಹಿಣಿಗೆ ತಿಳಿದಿರಬೇಕು.

ಕೊಳ್ಳುವಾಗ ನೋಡಬೇಕಾದದ್ದು

ಮೊದಲು ಗೀಸರ್‌ನ ಮೈಮೇಲಿರುವ ವಿವರದ ಪಟ್ಟಿಯನ್ನು ಓದಿ. ಎಷ್ಟು ಲೀಟರ್, ಎಷ್ಟು ವ್ಯಾಟ್, ಎಷ್ಟು ಬಾರ್ ಒತ್ತಡ ಎಂಬುದು ಅದರಲ್ಲಿರುತ್ತದೆ. ಐಎಸ್‌ಐ ಗುರುತು ಇರಲೇಬೇಕು. ಪಟ್ಟಿಯೇ ಕಿತ್ತುಹೋಗಿದ್ದರೆ ಆ ಗೀಸರ್ ಬೇಡ. ನೀರಿನ ಟ್ಯಾಂಕು 10 ಮೀಟರ್ ಎತ್ತರದಲ್ಲಿದ್ದರೆ ಗೀಸರ್ ಮೇಲೆ ಸುಮಾರು 1 ಬಾರ್ ಒತ್ತಡ ಬೀಳುತ್ತದೆ. ಎತ್ತರದ ಕಟ್ಟಡದ ಕೆಳ ಅಂತಸ್ತಿನಲ್ಲಿರುವವರು, ಪ್ರೆಶರ್ ಪಂಪ್ ಇರುವವರು 8 ಬಾರ್ ತಡೆಯುವ ಗೀಸರನ್ನೇ ಆರಿಸಬೇಕು.

ಟ್ಯಾಂಕಿನ ತಳದಲ್ಲಿ, ಪೈಪ್ ಸೇರುವ ಜಾಗದಲ್ಲಿ ತುಕ್ಕು ಅಥವಾ ನೀರು ಜಿನುಗಿದ ಕಲೆ ಇದೆಯೇ ನೋಡಿ. ಒಳಗಿನ ಟ್ಯಾಂಕ್ ಸೋರುತ್ತಿದ್ದರೆ ಅದು ಗುಜರಿಗೇ ಸರಿ. ಬೆಸುಗೆ ಹಾಕಿಸಿದರೂ ಹೆಚ್ಚು ದಿನ ಬಾಳದು. ಉಳಿದ ಬಿಡಿಭಾಗಗಳನ್ನೆಲ್ಲ ಬದಲಿಸಬಹುದು.

ಹೊಸದಾಗಿಯೇ ಹಾಕಿಸಬೇಕಾದ ಭಾಗಗಳು

ಮೊದಲನೆಯದು ಸೇಫ್ಟಿ ವಾಲ್ವ್. ತಣ್ಣೀರು ಒಳಹೋಗುವ ಪೈಪಿನ ಬಳಿ ಇರುವ ಚಿಕ್ಕ ಭಾಗವಿದು. ನೀರು ಹದಕ್ಕೆ ಕಾದಾಗ ಥರ್ಮೋಸ್ಟಾಟ್ ವಿದ್ಯುತ್ತನ್ನು ಕಡಿಯುತ್ತದೆ. ಅದು ಕೆಟ್ಟರೆ ನೀರು ಕುದಿಯುತ್ತಲೇ ಹೋಗುತ್ತದೆ, ಒಳಗೆ ಒತ್ತಡ ಏರುತ್ತದೆ. ಆಗ ಆ ಒತ್ತಡವನ್ನು ಹೊರಬಿಟ್ಟು ಟ್ಯಾಂಕ್ ಸಿಡಿಯದಂತೆ ಕಾಯುವುದು ಈ ವಾಲ್ವ್. ನೀರು ಕಾಯುವಾಗ ಇದರಿಂದ ಕೆಲವು ಹನಿ ತೊಟ್ಟಿಕ್ಕುವುದು ಸಹಜ. ತೊಟ್ಟಿಕ್ಕುತ್ತದೆಂದು ಅದರ ಬಾಯಿಗೆ ಬಿರಡೆ ಹಾಕುವುದು ಜೀವಕ್ಕೇ ಅಪಾಯ.

ಎರಡನೆಯದು ಥರ್ಮೋಸ್ಟಾಟ್ ಮತ್ತು ಅದರ ಜೊತೆಗಿರುವ ಕಟೌಟ್. ಮೂರನೆಯದು ಟ್ಯಾಂಕಿನೊಳಗಿನ ಮೆಗ್ನೀಶಿಯಂ ಕಡ್ಡಿ. ತಾನು ಸವೆಯುತ್ತಾ ಟ್ಯಾಂಕಿಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದೇ ಇದರ ಕೆಲಸ. ಹಳೆಯ ಗೀಸರಿನಲ್ಲಿ ಇದು ಹೆಚ್ಚಾಗಿ ಕರಗಿಹೋಗಿರುತ್ತದೆ. ಗೀಸರಿನ ಬೆಲೆಗೆ ಈ ಭಾಗಗಳ ಬೆಲೆ ಮತ್ತು ಕೂಲಿಯನ್ನು ಸೇರಿಸಿ ಲೆಕ್ಕ ಹಾಕಿ. ಹೊಸದರ ಅರ್ಧ ಬೆಲೆಗಿಂತ ಹೆಚ್ಚಾದರೆ ಹೊಸದನ್ನೇ ಕೊಳ್ಳುವುದು ಜಾಣತನ.

ಅರ್ತಿಂಗ್ ಇಲ್ಲದಿದ್ದರೆ ಗೀಸರ್ ಬೇಡ

2000 ವ್ಯಾಟ್‌ನ ಗೀಸರ್ ಸುಮಾರು 9 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಆದ್ದರಿಂದ ಮಿಕ್ಸಿ, ಫ್ಯಾನಿಗೆ ಹಾಕುವ ಸಣ್ಣ ಪ್ಲಗ್ ಸಾಲದು. 16 ಆಂಪಿಯರ್‌ನ ಸಾಕೆಟ್, ಬೋರ್ಡಿನಿಂದ ನೇರವಾಗಿ ಬರುವ ದಪ್ಪ ತಾಮ್ರದ ವೈರ್ ಮತ್ತು ಬಚ್ಚಲಿನ ಹೊರಗೆ ಸ್ವಿಚ್ ಇರಬೇಕು.

ಇದಕ್ಕಿಂತಲೂ ಮುಖ್ಯವಾದದ್ದು ಅರ್ತಿಂಗ್. ಗೀಸರಿನೊಳಗಿನ ಕಾಯಿಲ್‌ನ ಹೊದಿಕೆ ಬಿರುಕು ಬಿಟ್ಟರೆ ವಿದ್ಯುತ್ತು ನೀರಿಗೆ, ಅಲ್ಲಿಂದ ನಲ್ಲಿಗೆ ಹರಿಯುತ್ತದೆ. ಒದ್ದೆ ಮೈಯಲ್ಲಿ ನಲ್ಲಿ ಮುಟ್ಟಿದವರ ಗತಿಯೇನು? ಹಳೆಯ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇದ್ದರೂ ಮೂರನೆಯದಕ್ಕೆ ವೈರ್ ಇರುವುದೇ ಇಲ್ಲ. ಇಲೆಕ್ಟ್ರಿಷಿಯನ್‌ನಿಂದ ಇದನ್ನು ನಿಮ್ಮೆದುರೇ ಪರೀಕ್ಷಿಸಿ. ಜೊತೆಗೆ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಇಎಲ್‌ಸಿಬಿ ಹಾಕಿಸಿ. ವಿದ್ಯುತ್ ಸೋರಿದ ತಕ್ಷಣ ಅದು ಸಂಪರ್ಕ ಕಡಿಯುತ್ತದೆ.

ಜೋಡಿಸುವಾಗ

15 ಲೀಟರ್ ಗೀಸರಿನಲ್ಲಿ ನೀರೇ 15 ಕಿಲೋ ತೂಗುತ್ತದೆ. ಟ್ಯಾಂಕಿನ ತೂಕ ಬೇರೆ. ಹಾಲೋ ಬ್ಲಾಕ್ ಅಥವಾ ಮೆದು ಮುರಕಲ್ಲಿನ ಗೋಡೆಯಾದರೆ ಬೋಲ್ಟ್ ಹಿಡಿದು ನಿಲ್ಲುತ್ತದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಬಿಸಿನೀರಿಗೆ ಸಾಮಾನ್ಯ ಪಿವಿಸಿ ಪೈಪ್ ಆಗದು, ಸಿಪಿವಿಸಿ ಬೇಕು.

ಜೋಡಿಸಿದ ಮೇಲೆ ಬಿಸಿನೀರಿನ ನಲ್ಲಿ ತೆರೆದು, ಧಾರೆ ಒಂದೇ ಸಮನೆ ಬರುವವರೆಗೆ ಕಾಯಿರಿ. ನಂತರವೇ ಸ್ವಿಚ್ ಹಾಕಿ. ಖಾಲಿ ಟ್ಯಾಂಕಿಗೆ ಸ್ವಿಚ್ ಹಾಕಿದರೆ ಕಾಯಿಲ್ ಸುಟ್ಟುಹೋಗುತ್ತದೆ.

ಕೆಟ್ಟರೆ ಏನು ಮಾಡಬೇಕು?

ನೀರು ಕಾಯಲು ಮೊದಲಿಗಿಂತ ಹೆಚ್ಚು ಹೊತ್ತು ಬೇಕಾಗುತ್ತಿದ್ದರೆ, ಒಳಗಿನಿಂದ ಸದ್ದು ಬರುತ್ತಿದ್ದರೆ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟಿದೆ ಎಂದರ್ಥ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಇದು ಬೇಗ ಆಗುತ್ತದೆ. ಮೆಕ್ಯಾನಿಕ್‌ನಿಂದ ಕಾಯಿಲ್ ಬಿಚ್ಚಿಸಿ ವಿನೆಗರಿನಲ್ಲಿ ನೆನೆಸಿದರೆ ಪದರ ಬಿಡುತ್ತದೆ. ನೀರು ಕಾಯುವುದೇ ಇಲ್ಲವಾದರೆ ಕಾಯಿಲ್ ಅಥವಾ ಥರ್ಮೋಸ್ಟಾಟ್ ಹೋಗಿರಬಹುದು. ಸ್ವಿಚ್ ಹಾಕಿದೊಡನೆ ಇಎಲ್‌ಸಿಬಿ ಬೀಳುತ್ತಿದ್ದರೆ ಅದನ್ನು ತಪ್ಪಿಸಿ ನೇರ ಸಂಪರ್ಕ ಕೊಡಿಸಬೇಡಿ. ಎಲ್ಲೋ ವಿದ್ಯುತ್ ಸೋರುತ್ತಿದೆ ಎಂಬ ಎಚ್ಚರಿಕೆ ಅದು. ನಲ್ಲಿ ಮುಟ್ಟಿದಾಗ ಸ್ವಲ್ಪ ಜುಮ್ಮೆಂದರೂ ಅಂದೇ ಬಳಕೆ ನಿಲ್ಲಿಸಿ.

ಗ್ಯಾಸ್ ಗೀಸರನ್ನು ಮಾತ್ರ ಹಳೆಯದು ಕೊಳ್ಳಲೇಬೇಡಿ. ಗಾಳಿಯಾಡದ ಬಚ್ಚಲಿನಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸ್ನಾನಕ್ಕೆ ಹೋದವರು ಹೀಗೆ ಪ್ರಾಣ ಕಳೆದುಕೊಂಡ ಘಟನೆಗಳು ಬೆಂಗಳೂರಿನಲ್ಲೂ ನಡೆದಿವೆ.

ದಿನನಿತ್ಯದ ಎಚ್ಚರ

15 ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಲು 2000 ವ್ಯಾಟ್‌ನ ಗೀಸರ್‌ಗೆ 20 ನಿಮಿಷ ಸಾಕು. ಅದಕ್ಕೆ ಖರ್ಚಾಗುವುದು ಸುಮಾರು 0.6 ಯೂನಿಟ್. ಇಡೀ ದಿನ ಸ್ವಿಚ್ ಹಾಕಿಡುವ ಅಗತ್ಯವಿಲ್ಲ. ನೀರು ಕಾದ ಮೇಲೆ ಸ್ವಿಚ್ ಆರಿಸಿಯೇ ಸ್ನಾನಕ್ಕೆ ಹೋಗುವ ಅಭ್ಯಾಸವನ್ನು ಮನೆಯವರೆಲ್ಲರಿಗೂ ಮಾಡಿಸಿ. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ. ಮಗುವಿನ ಸ್ನಾನಕ್ಕೆ ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಹಾಕಿ, ಮೊಣಕೈ ಅದ್ದಿ ಬಿಸಿ ನೋಡಿ.

ಗೀಸರಿನ ಟ್ಯಾಂಕ್ ಹಳೆಯದಾದರೂ ನಡೆದೀತು. ಆದರೆ ಸೇಫ್ಟಿ ವಾಲ್ವ್, ಅರ್ತಿಂಗ್, ಇಎಲ್‌ಸಿಬಿ ಈ ಮೂರರ ವಿಷಯದಲ್ಲಿ ಚೌಕಾಸಿ ಬೇಡ. ಅಲ್ಲಿ ಉಳಿಸುವ ನಾಲ್ಕು ಕಾಸು ಮನೆಯವರ ಜೀವಕ್ಕೆ ಸಮವಲ್ಲ.